ಯೆಜ್ಡಿಯ ಸದ್ದು ಬಲ್ಲವರು
1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕ್‌ಗಳು ಇಂದಿಗೂ ಓಡುತ್ತಿವೆ. ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಹಳೆಯ ಮೆಕ್ಯಾನಿಕ್‌ಗಳ ಕಿವಿಗೆ ಸಲ್ಲಬೇಕು.

‘ಗಾಡಿ ಪಟಪಟ ಸಿಡೀತಿದೆ’ ಎಂದು ಬಂದವರನ್ನು ಅವರು ಮೊದಲು ಕೇಳುವುದು, ಸದ್ದು ಕಾರ್ಬುರೇಟರ್ ಕಡೆಯದೋ ಸೈಲೆನ್ಸರ್ ಕಡೆಯದೋ ಎಂದು. ಕಾರ್ಬುರೇಟರ್ ಸಿಡಿಯುತ್ತಿದ್ದರೆ ಜೆಟ್‌ನಲ್ಲಿ ಕಸ ಕೂತು ಪೆಟ್ರೋಲ್ ಸಾಲುತ್ತಿಲ್ಲವೆಂದೋ, ಗ್ಯಾಸ್ಕೆಟ್ ಸಂದಿಯಲ್ಲಿ ಗಾಳಿ ನುಸುಳುತ್ತಿದೆಯೆಂದೋ ಗುಮಾನಿ. ಈ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಕ್ರ್ಯಾಂಕ್‌ಕೇಸ್ ಹಾದೇ ಸಿಲಿಂಡರ್ ಸೇರುತ್ತದೆ. ಹಾಗಾಗಿ ಸವೆದ ಕ್ರ್ಯಾಂಕ್ ಸೀಲ್ ಕೂಡ ಬೇಡದ ಗಾಳಿ ಎಳೆಯುತ್ತದೆ.

ಸೈಲೆನ್ಸರ್ ಢಮ್ ಎಂದರೆ ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಬಿಸಿ ಕೊಳವೆಯಲ್ಲಿ ಹೊತ್ತಿಕೊಂಡಿದೆ. ಆಗ ಅವರ ಕಣ್ಣು ಕಿಡಿಯತ್ತ: ಸುಟ್ಟ ಪಾಯಿಂಟ್, ಸೋತ ಕಂಡೆನ್ಸರ್, ತಪ್ಪಿದ ಟೈಮಿಂಗ್.

ಪ್ಲಗ್ ಬಿಚ್ಚಿದರೆ ಅರ್ಧ ಉತ್ತರ ಅಲ್ಲೇ. ಕಾಫಿಪುಡಿ ಬಣ್ಣವಿದ್ದರೆ ಕ್ಷೇಮ. ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪು ಮಸಿ ಹಿಡಿದಿದ್ದರೆ ಹೆಚ್ಚು.

ಅವರ ಶಿಸ್ತು ಇನ್ನೂ ಸೊಗಸು. ಒಮ್ಮೆಗೆ ಒಂದನ್ನೇ ಸರಿಪಡಿಸಿ, ಗಾಡಿ ಓಡಿಸಿ ನೋಡುತ್ತಾರೆ. ಪಾಯಿಂಟ್‌ಗೆ ಹತ್ತಿದ ಎಣ್ಣೆ ಒರೆಸಿ, ಗ್ಯಾಪನ್ನು ಫೀಲರ್ ಗೇಜ್‌ನಿಂದ ಅಳೆದು, ಆಮೇಲಷ್ಟೇ ಟೈಮಿಂಗ್‌ಗೆ ಕೈ ಹಾಕುತ್ತಾರೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದಲ್ಲ!