ಕಾರಿಲ್ಲದವರ ಕೋಮೋ

ಇಟಲಿಯ ಕೋಮೋ ಸರೋವರಕ್ಕೆ ಹೊರಟವರು ಎಲ್ಲಿ ಉಳಿಯಬೇಕು ಎಂದು ಕೇಳಿದರೆ ಮಾರ್ಗದರ್ಶಿ ಪುಸ್ತಕಗಳೂ ಟ್ರಾವೆಲ್ ಏಜೆಂಟರೂ ಒಂದೇ ಉಸಿರಿಗೆ ಹೇಳುವ ಹೆಸರು ಬೆಲ್ಲಾಜಿಯೋ. ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂತಿರುವ ಈ ಸರೋವರದ ಮೂರು ಕವಲುಗಳು ಕೂಡುವ ಕಡೆ, ನೀರಿಗೆ ಚಾಚಿಕೊಂಡ ಭೂಶಿರದ ತುದಿಯಲ್ಲಿ ಈ ಊರಿದೆ. ನಕ್ಷೆ ನೋಡಿದವರಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೂ ಕಾರಿಲ್ಲದವರಿಗೆ ಇದು ತಪ್ಪು ಸಲಹೆ. ನಕ್ಷೆಯ ನಡುವೆ ಇರುವುದೇ ಬೇರೆ, ಸಂಚಾರದ ನಡುವೆ ಇರುವುದೇ ಬೇರೆ. ಬೆಲ್ಲಾಜಿಯೋಗೆ ರೈಲಿಲ್ಲ. ಕೋಮೋ ಪಟ್ಟಣದಿಂದ ಬರುವ ಬಸ್ಸು ಇಕ್ಕಟ್ಟಾದ ದಾರಿಯಲ್ಲಿ ತಿರುವು ತಿರುವಾಗಿ ಒಂದು ಗಂಟೆಗೂ ಮಿಕ್ಕಿ ಓಡುತ್ತದೆ. ಉಳಿದದ್ದು ದೋಣಿ. ಬೆಳಿಗ್ಗೆ ಎಲ್ಲಿಗೆ ಹೊರಟರೂ ಮೊದಲು ದೋಣಿ ಹಿಡಿಯಬೇಕು, ಸಂಜೆ ಎಲ್ಲಿಂದ ಬಂದರೂ ಕೊನೆಗೆ ದೋಣಿ ಸಿಗಬೇಕು. ಮಿಲಾನ್‌ನಲ್ಲಿ ಒಂದು ದಿನ ಕಳೆದು ರಾತ್ರಿ ಮರಳುವವರಿಗೆ ರೈಲು ತಡವಾದರೆ ಎದುರು ದಡದಲ್ಲಿ ತಮ್ಮ ಹೋಟೆಲಿನ ದೀಪ ಕಾಣುತ್ತಿರುತ್ತದೆ, ಹೋಗಲಾಗುವುದಿಲ್ಲ.

ಮೊಕ್ಕಾಂ ಹೂಡುವ ಊರನ್ನು ಆರಿಸುವ ನಮ್ಮ ಅಭ್ಯಾಸದಲ್ಲೇ ದೋಷವಿದೆ. ಫೋಟೋದಲ್ಲಿ ಚೆನ್ನಾಗಿ ಕಂಡ ಊರಲ್ಲಿ ಮಲಗಲು ಹೊರಡುತ್ತೇವೆ. ದೂರದ ಬೆಟ್ಟ ನುಣ್ಣಗೆ ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಲಾಜಿಯೋದ ಚೆಲುವು ಪೂರ್ತಿ ಕಾಣುವುದು ಎದುರಿನ ವರೆನ್ನಾದಿಂದ. ಬೆಲ್ಲಾಜಿಯೋದ ಒಳಗಿರುವವರಿಗೆ ಕಾಣುವುದು ಸಲಿತಾ ಸೆರ್ಬೆಲ್ಲೋನಿಯ ಮೆಟ್ಟಿಲುಗಳು, ಎರಡೂ ಬದಿಯ ಅಂಗಡಿಗಳು, ಮುಂದಿನವರ ಬೆನ್ನು. ವಿಲ್ಲಾ ಮೆಲ್ಜಿಯ ತೋಟ ನೋಡಿ, ಭೂಶಿರದ ಕೊನೆಯ ಸ್ಪಾರ್ತಿವೆಂತೋದಲ್ಲಿ ಗಾಳಿ ಕುಡಿದು, ಅರ್ಧ ದಿನ ಕಳೆದು ಹೊರಡಲು ಅದು ಸೊಗಸಾದ ಊರು. ಸೂಟ್‌ಕೇಸ್ ಇಳಿಸಲು ಅಲ್ಲ.

ಈ ಸರೋವರದ ಎರಡು ದಡಗಳಿಗೆ ಎರಡು ಬಗೆಯ ಚರಿತ್ರೆ. ಸಿರಿವಂತರು ಪಶ್ಚಿಮ ದಡ ಹಿಡಿದರು. ಚೆರ್ನೊಬ್ಬಿಯೋದ ವಿಲ್ಲಾ ದೆಸ್ತೆ, ಲೆನ್ನೋದ ಬಾಲ್ಬಿಯಾನೆಲ್ಲೋ, ತ್ರೆಮೆಜ್ಜೋದ ಕಾರ್ಲೊತ್ತಾ, ಪೋಸ್ಟ್‌ಕಾರ್ಡಿನ ವಿಲ್ಲಾಗಳಲ್ಲಿ ಹೆಚ್ಚಿನವು ಅಲ್ಲೇ ಇವೆ. ರೈಲು ಪೂರ್ವ ದಡಕ್ಕೆ ಹೋಯಿತು. ಲೆಕ್ಕೋದಿಂದ ಕೊಲಿಕೋ ಮೂಲಕ ಸೊಂದ್ರಿಯೋಗೆ ಹೋಗುವ ಈ ಹಳಿ ರೈಲ್ವೆಯ ಚರಿತ್ರೆ ಬಲ್ಲವರಿಗೆ ಪರಿಚಿತ. ಹಂಗೇರಿಯ ಎಂಜಿನಿಯರ್ ಕಾಲ್ಮಾನ್ ಕಾಂದೋ 1902ರಲ್ಲಿ ಮೂರು ಫೇಸಿನ ವಿದ್ಯುತ್ತಿನಿಂದ ಇಲ್ಲಿ ರೈಲು ಓಡಿಸಿದ್ದು ಯುರೋಪಿನಲ್ಲೇ ದೊಡ್ಡ ಸಾಹಸವೆನಿಸಿತ್ತು. ಹಾಗಾಗಿ ಕಾರಿಲ್ಲದವರ ಕೋಮೋ ಶುರುವಾಗುವುದು ವಿಲ್ಲಾಗಳು ಕಡಿಮೆಯಿರುವ ದಡದಿಂದ. ಪಶ್ಚಿಮದ ವಿಲ್ಲಾಗಳನ್ನು ನೋಡಲು ಪಶ್ಚಿಮದಲ್ಲೇ ಮಲಗಬೇಕಿಲ್ಲ.

ರೈಲಿರುವ ಈ ಪೂರ್ವ ದಡದಲ್ಲೇ ಇರುವ ವರೆನ್ನಾದ ಹೆಚ್ಚುಗಾರಿಕೆ ಇದೇ. ಮಿಲಾನ್ ಸೆಂಟ್ರಲ್‌ನಿಂದ ಹೆಚ್ಚುಕಡಿಮೆ ಗಂಟೆಗೊಂದು ರೈಲು, ಪಯಣ ಒಂದು ಗಂಟೆಗೆ ತುಸು ಮಿಕ್ಕಿ. ನಿಲ್ದಾಣದಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ದೋಣಿಗಟ್ಟೆ. ಅಲ್ಲಿಂದ ಬೆಲ್ಲಾಜಿಯೋಗೂ ಪಶ್ಚಿಮ ದಡದ ಮೆನಾಜ್ಜೋಗೂ ಕಾಲು ಗಂಟೆಯ ಹಾದಿ. ವಾಹನ ಸಾಗಿಸುವ ಫೆರಿ ಈ ಮೂರು ಊರುಗಳ ಮತ್ತು ಕಾದೆನಾಬ್ಬಿಯಾದ ನಡುವೆ ದಿನವಿಡೀ ಓಡಾಡುತ್ತದೆ, ನಡೆದು ಬಂದವರನ್ನೂ ಹತ್ತಿಸಿಕೊಳ್ಳುತ್ತದೆ. ಕಾರಿಲ್ಲದವರನ್ನು ಕಾರಿನ ಫೆರಿಯೇ ಹೆಚ್ಚು ಕಾಪಾಡುವುದು ಈ ಸರೋವರದ ಒಂದು ತಮಾಷೆ. ಅದೇ ಹಳಿಯಲ್ಲಿ ಉತ್ತರಕ್ಕೆ ಹೋದರೆ ತಿರಾನೋ ಸಿಗುತ್ತದೆ. ಯುನೆಸ್ಕೋ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಬೆರ್ನಿನಾ ಮಾರ್ಗದ ಕೆಂಪು ರೈಲು ಹೊರಡುವುದು ಅಲ್ಲಿಂದ. ಬೆಳಿಗ್ಗೆ ಬೇಗ ಎದ್ದರೆ ಹಿಮನದಿ ನೋಡಿ ರಾತ್ರಿಗೆ ವಾಪಸ್ ಬರಬಹುದು. ಬೆಲ್ಲಾಜಿಯೋದಲ್ಲಿ ಉಳಿದವರು ಇದೇ ಪ್ರವಾಸಕ್ಕೆ ಮೊದಲ ದೋಣಿಯ ಹೊತ್ತನ್ನು ಲೆಕ್ಕ ಹಾಕುತ್ತಾ ಕೂರಬೇಕು.

ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಬಿಸಿಲು. ವರೆನ್ನಾ ಪಶ್ಚಿಮಕ್ಕೆ ಮುಖ ಮಾಡಿದೆ, ಬೆನ್ನಿಗೆ ಗ್ರಿಞೆ ಬೆಟ್ಟಗಳು. ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಸಂಜೆಯದು ಬಹಳ ಹೊತ್ತು ನಿಲ್ಲುತ್ತದೆ. ದಿನವೆಲ್ಲ ಸುತ್ತಿ ಐದು ಗಂಟೆಗೆ ಕೋಣೆಗೆ ಬಂದವರಿಗೆ ಬಾಲ್ಕನಿಯಲ್ಲಿ ಇನ್ನೂ ಬೆಳಕಿರುತ್ತದೆ. ಎದುರು ದಡದ ಊರುಗಳಲ್ಲಿ ಇದು ತಿರುವುಮುರುವು.

ಹಾಗೆಂದು ವರೆನ್ನಾವನ್ನು ತಲೆಮೇಲೆ ಹೊತ್ತು ಮೆರೆಸಬೇಕಿಲ್ಲ. ಈಚೆಗೆ ಎಲ್ಲರೂ ಇದೇ ಜಾಣತನ ಕಲಿತಿರುವುದರಿಂದ ಬೇಸಿಗೆಯ ವಾರಾಂತ್ಯದಲ್ಲಿ ಮಿಲಾನಿನಿಂದ ಬರುವ ಬೋಗಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದೋಣಿಗಟ್ಟೆಯ ಸಾಲು ಬೀದಿಗೆ ಬರುತ್ತದೆ. ಊರು ಪುಟ್ಟದು. ಚೌಕದಿಂದ ನೀರಿಗಿಳಿಯುವ ಓಣಿಗಳು ಪೂರ್ತಿ ಕಲ್ಲಿನ ಮೆಟ್ಟಿಲು. ಗಾಲಿಯ ಸೂಟ್‌ಕೇಸಿಗೂ ಮಂಡಿನೋವಿನ ಅಮ್ಮನಿಗೂ ಅವು ಒಂದೇ ಶಿಕ್ಷೆ. ಬೆಂಗಳೂರಿನಿಂದ ಹಿರಿಯರನ್ನು ಕರೆದುಕೊಂಡು ಬರುವ, ಅಡುಗೆಮನೆಯಿರುವ ಬಾಡಿಗೆ ಮನೆ ಹುಡುಕುವ, ವಾರದಲ್ಲಿ ಎರಡು ಸಲವಾದರೂ ಅನ್ನ ಮಾಡಿ ಮೊಸರು ಕಲಸಿಕೊಳ್ಳುವ ಮಂದಿಗೆ ಇಲ್ಲಿ ಮೂರ್ನಾಲ್ಕು ರಾತ್ರಿ ಸಾಕು.

ಒಂದು ವಾರವೇ ಇರುವುದಾದರೆ ನನ್ನ ಮತ ಮೆನಾಜ್ಜೋಗೆ. ಸರೋವರದ ಪಟ್ಟಿಗಳಲ್ಲಿ ಇದಕ್ಕೆ ಸದಾ ಮೂರನೆಯ ಸ್ಥಾನ, ಬೆಲ್ಲಾಜಿಯೋದ ಮೋಹ ಮುಗಿದ ಮೇಲೆ ನೆನಪಾಗುವ ಊರು. ಆದರೆ ಇದು ಪ್ರವಾಸಿಗರಿಗೆಂದೇ ಬದುಕಿರುವ ಊರಲ್ಲ. ಸೂಪರ್‌ಮಾರ್ಕೆಟ್ ಇದೆ, ನೀರಿನ ಬದಿಯಲ್ಲಿ ಸಪಾಟಾದ ನಡೆದಾರಿಯಿದೆ, ಊರಿನ ಹಿಂದೆ ವಾಲ್ ಸನಾಗ್ರಾ ಕಣಿವೆಯ ಕಾಡಿದೆ. ಸಿ10 ಬಸ್ಸು ದಡದುದ್ದಕ್ಕೂ ಓಡುತ್ತದೆ, ತ್ರೆಮೆಜ್ಜೋದ ವಿಲ್ಲಾದ ಬಾಗಿಲಿಗೇ ಇಳಿಸುತ್ತದೆ, ಲೆನ್ನೋದಲ್ಲೂ ನಿಲ್ಲುತ್ತದೆ. ಅತ್ತ ಕೊಲೊನ್ನೋದಿಂದ ಸುಮಾರು ಹತ್ತು ಕಿಲೋಮೀಟರಿನ ಗ್ರೀನ್‌ವೇ ಕಾಲ್ದಾರಿಯಲ್ಲಿ ನಡೆದು ಬಂದು, ದಣಿವಾದ ಕಡೆ ಬಸ್ಸು ಹತ್ತಬಹುದು. ಸಿ12 ಬಸ್ಸು ಸ್ವಿಟ್ಜರ್ಲೆಂಡಿನ ಲುಗಾನೋಗೆ ಹೋಗುತ್ತದೆ. ದೋಣಿ ನಿಂತರೆ ಬಸ್ಸು, ಬಸ್ಸು ನಿಂತರೆ ದೋಣಿ. ಎರಡೂ ನಿಲ್ಲುವ ದಿನಗಳೂ ಇಟಲಿಯಲ್ಲಿ ಬರುತ್ತವೆ, ಆ ಮಾತು ಬಿಡಿ. ಕಾರು ಬರುವ ಮೊದಲಿನ ಪ್ರವಾಸಿಗರು ಮೆನಾಜ್ಜೋದ ಬೆಲೆ ಚೆನ್ನಾಗಿ ಅರಿತಿದ್ದರು. 1884ರಲ್ಲಿ ಇಲ್ಲಿಂದ ಪೊರ್ಲೆಜ್ಜಾಕ್ಕೆ ಪುಟ್ಟ ಉಗಿ ರೈಲು ಶುರುವಾಯಿತು. ಕೋಮೋದಿಂದ ಹಡಗಲ್ಲಿ ಬಂದು, ಇಲ್ಲಿ ರೈಲು ಹತ್ತಿ, ಆಚೆ ಲುಗಾನೋ ಸರೋವರದಲ್ಲಿ ಮತ್ತೆ ಹಡಗು ಏರುತ್ತಿದ್ದರು. 1939ರಲ್ಲಿ ಅದು ನಿಂತುಹೋಯಿತು. ಹಳೆಯ ಹಾದಿಯ ಒಂದಷ್ಟು ಭಾಗದಲ್ಲಿ ಈಗ ಸೈಕಲ್ ದಾರಿಯಿದೆ.

ಮೆನಾಜ್ಜೋದ ಕೊರತೆ ಸಂಜೆಯದು. ಬೆಟ್ಟ ಬೇಗ ಸೂರ್ಯನನ್ನು ನುಂಗುತ್ತದೆ. ಬಂದಿಳಿಯುವ ದಿನ ಮತ್ತು ಹೊರಡುವ ದಿನ ಸಾಮಾನು ಹೊತ್ತು ರೈಲು, ದೋಣಿ ಎರಡೂ ಮಾಡಬೇಕು. ಏಳು ದಿನಕ್ಕೆ ಎರಡು ಸಲ ಆದರೆ ಸಹಿಸಬಹುದು. ಮೂರು ದಿನಕ್ಕೆ ಎರಡು ಸಲ ಆದರೆ ಅದು ಪ್ರವಾಸವಲ್ಲ, ಸಾಗಾಟ.

ಎಲ್ಲಿ ಉಳಿದರೂ ಓದಲು ಕಲಿಯಬೇಕಾದ ಒಂದು ಕಾಗದವಿದೆ: ಗಟ್ಟೆಯಲ್ಲೂ ಬಸ್ ಕಂಬದಲ್ಲೂ ಅಂಟಿಸಿರುವ ವೇಳಾಪಟ್ಟಿ. ಒತ್ತೊತ್ತಾಗಿ ಅಂಕಿ, ಪ್ರತಿ ಸಾಲಿನ ತಲೆಗೆ ಪುಟ್ಟ ಗುರುತು. ಇಟಲಿಯ ಪಟ್ಟಿಗಳಲ್ಲಿ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಇದ್ದರೆ ಕೆಲಸದ ದಿನ, ಶಿಲುಬೆ ಇದ್ದರೆ ಭಾನುವಾರ ಮತ್ತು ರಜೆ. ಶಾಲೆ ನಡೆಯುವ ದಿನ ಮಾತ್ರ ಓಡುವ ಬಸ್ಸುಗಳಿಗೆ ಬೇರೆ ಸೂಚನೆ. ಏಪ್ರಿಲ್ 25, ಮೇ 1, ಜೂನ್ 2, ನಮ್ಮ ಧ್ವಜಾರೋಹಣದ ಆಗಸ್ಟ್ 15 ಎಲ್ಲವೂ ಅಲ್ಲಿ ಶಿಲುಬೆಯ ಸಾಲಿಗೆ ಸೇರುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಒಂದೇ ಪಾಸು ತೋರಿಸಿ ರೈಲಿಂದ ದೋಣಿಗೆ, ದೋಣಿಯಿಂದ ಬಸ್ಸಿಗೆ ದಾಟಿ ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಸಾಮಾನ್ಯವಾಗಿ ಮೂರಕ್ಕೂ ಬೇರೆ ಬೇರೆ ಟಿಕೆಟ್, ಒಂದರ ಹೊತ್ತಿಗೂ ಇನ್ನೊಂದರ ಹೊತ್ತಿಗೂ ಮಾತುಕತೆ ಇರುವುದಿಲ್ಲ. ರೈಲು ಮುಷ್ಕರದ ದಿನ ಬಂದರೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಕೆಲವು ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಪ್ರವಾಸವನ್ನು ಆ ಎರಡು ಕಿಂಡಿಗಳಿಗೆ ಹೊಂದಿಸಿಕೊಳ್ಳಬೇಕು.

ಕೋಮೋ ಪಟ್ಟಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಊರು. ಒಂದಕ್ಕಿಂತ ಹೆಚ್ಚು ರೈಲು ನಿಲ್ದಾಣ, 1894ರಿಂದ ಬ್ರುನಾತೆ ಬೆಟ್ಟ ಹತ್ತಿಸುತ್ತಿರುವ ಹಗ್ಗದ ರೈಲು. ಆದರೆ ನಿಧಾನದ ದೋಣಿಯಲ್ಲಿ ಬೆಲ್ಲಾಜಿಯೋಗೆ ಎರಡು ಗಂಟೆ. ಮೊದಲ ಸಲ ಅದು ಸುಖ, ಮೂರನೆಯ ಸಲ ಡ್ಯೂಟಿ. ಮಿಲಾನ್, ಲುಗಾನೋ ಮುಖ್ಯವಾಗಿ ಸರೋವರ ಪಕ್ಕವಾದ್ಯವಾದರೆ ಮಾತ್ರ ಇಲ್ಲಿ ಉಳಿಯಿರಿ. ಅಡ್ಡಾ ನದಿ ಸರೋವರದಿಂದ ಹೊರಡುವ ಲೆಕ್ಕೋವನ್ನು ಮಾತ್ರ ಪ್ರವಾಸಿಗರು ಅನ್ಯಾಯವಾಗಿ ದಾಟಿ ಹೋಗುತ್ತಾರೆ. ದೋಣಿ ವಿರಳ, ಪೋಸ್ಟ್‌ಕಾರ್ಡಿನ ವಿಲ್ಲಾ ಇಲ್ಲ, ನಿಜ. ಆದರೆ ಮಿಲಾನ್, ಬೆರ್ಗಾಮೋ ಎರಡಕ್ಕೂ ರೈಲಿದೆ, ಅರ್ಧ ಗಂಟೆಯೊಳಗೆ ವರೆನ್ನಾ. ನವೆಂಬರಿನಿಂದ ಮಾರ್ಚ್‌ವರೆಗೆ ದೋಣಿಗಳ ಸಂಖ್ಯೆ ಇಳಿದು, ಸಣ್ಣ ಊರುಗಳ ಹೋಟೆಲುಗಳು ಬಾಗಿಲು ಹಾಕಿದಾಗಲೂ ಇಲ್ಲಿ ದೀಪ ಉರಿಯುತ್ತದೆ, ಕಾಫಿ ಸಿಗುತ್ತದೆ. ಚಳಿಗಾಲಕ್ಕೆ ನಾನು ಸೂಚಿಸುವುದು ಇದೊಂದನ್ನೇ.

ಕೋಣೆ ಕಾದಿರಿಸುವ ಮುನ್ನ ಒಂದು ಎಚ್ಚರ. ವರೆನ್ನಾ ಎಂದು ಬರೆದು, ಬಾಲ್ಕನಿಯಿಂದ ಇಡೀ ಸರೋವರ ಕಾಣುವ ಫೋಟೋ ಹಾಕಿರುವ ಹಲವು ಮನೆಗಳು ನಿಜಕ್ಕೂ ಇರುವುದು ಮೇಲಿನ ಪೆರ್ಲೆದೋದಲ್ಲಿ. ನಕ್ಷೆಯಲ್ಲಿ ಅದು ದೋಣಿಗಟ್ಟೆಗೆ ಹತ್ತಿರವೇ, ಆದರೆ ಆ ಹತ್ತಿರವನ್ನು ಬೆಟ್ಟ ಹತ್ತಿ ತಲುಪಬೇಕು. ನಡೆಯುವ ಸಮಯದ ಜೊತೆಗೆ ಏರುವ ಮೀಟರುಗಳನ್ನೂ ಮನೆಯವರಿಂದ ಕೇಳಿಕೊಳ್ಳಿ.