‘ಫ್ಯಾಕ್ಟರಿ’ ಶಬ್ದದ ಅರ್ಥ ಮತ್ತು ನಮ್ಮ ಇತಿಹಾಸ ಗ್ರಂಥಗಳು

ಇಂಗ್ಲಿಷಿನ ‘ಫ್ಯಾಕ್ಟರಿ’ ಎಂಬ ಶಬ್ದದ ಅರ್ಥವನ್ನು ಯಾರೂ ನಿಘಂಟಿನಲ್ಲಿ ಹುಡುಕಲು ಹೋಗುವುದಿಲ್ಲ. ಅದು ಕನ್ನಡಿಗರ ದಿನಬಳಕೆಯ ಮಾತಿನಲ್ಲಿ ಸೇರಿಹೋಗಿದೆ. ಅದನ್ನು ಕೇಳಿದೊಡನೆ ಯಂತ್ರ, ಹೊಗೆಕೊಳವಿ, ಪಾಳಿಯ ಮೇಲೆ ದುಡಿಯುವ ಕಾರ್ಮಿಕರು ಕಣ್ಣಮುಂದೆ ನಿಲ್ಲುತ್ತಾರೆ. ಇಂತಹ ಪರಿಚಿತ ಶಬ್ದಗಳೇ ಇತಿಹಾಸದ ವಿದ್ಯಾರ್ಥಿಯನ್ನು ಹೆಚ್ಚಾಗಿ ದಾರಿ ತಪ್ಪಿಸುತ್ತವೆ. ಅಪರಿಚಿತ ಶಬ್ದ ಎದುರಾದಾಗ ಅವನು ನಿಂತು ವಿಚಾರಿಸುತ್ತಾನೆ. ಪರಿಚಿತ ಶಬ್ದವನ್ನು ನಂಬಿ ಮುಂದೆ ಸಾಗುತ್ತಾನೆ. 1613ರಲ್ಲಿ ಇಂಗ್ಲಿಷರು ಸೂರತ್ತಿನಲ್ಲಿ ‘ಕಾರ್ಖಾನೆ’ಯನ್ನು ಸ್ಥಾಪಿಸಿದರೆಂಬ ವಾಕ್ಯವನ್ನು ನಾವು ಉತ್ತರಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತೇವೆ. ಅಲ್ಲಿ ಏನನ್ನು ತಯಾರಿಸುತ್ತಿದ್ದರೆಂದು ಕೇಳಿದರೆ, ‘ಬಟ್ಟೆ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಇದಕ್ಕೆ ವಿದ್ಯಾರ್ಥಿಯನ್ನು ದೂಷಿಸುವುದು ನ್ಯಾಯವಲ್ಲ. ಇಂಗ್ಲಿಷ್ ಗ್ರಂಥದಲ್ಲಿ ‘ಫ್ಯಾಕ್ಟರಿ’ ಎಂದಿದ್ದುದನ್ನು ಅನುವಾದಕನು ‘ಕಾರ್ಖಾನೆ’ ಎಂದು ಬರೆದನು. ವಿದ್ಯಾರ್ಥಿಯು ಅದನ್ನು ಕಾರ್ಖಾನೆಯೆಂದೇ ಓದಿದನು.

ಶಬ್ದದ ಮೂಲವನ್ನು ನೋಡೋಣ. ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ‘ಫ್ಯಾಕ್ಟರ್’ ಎಂಬ ಪದ ಹುಟ್ಟಿತು. ಮಾಡುವವನು ಎಂದರೆ ಇಲ್ಲಿ ಸರಕನ್ನು ತಯಾರಿಸುವವನಲ್ಲ. ಇನ್ನೊಬ್ಬನ ಪರವಾಗಿ ವ್ಯವಹಾರ ಮಾಡುವವನು, ನಮ್ಮ ಮಾತಿನಲ್ಲಿ ಗುಮಾಸ್ತ ಅಥವಾ ಕಾರಭಾರಿ. ಇಂತಹ ಕಾರಭಾರಿಗಳು ಪರದೇಶದಲ್ಲಿ ನೆಲೆಸಿ ವ್ಯಾಪಾರ ನಡೆಸುತ್ತಿದ್ದ ಠಾಣ್ಯವೇ ‘ಫ್ಯಾಕ್ಟರಿ’. ಪೋರ್ಚುಗೀಸರು ಇದನ್ನು ‘ಫೆಯಿತೋರಿಯ’ ಎನ್ನುತ್ತಿದ್ದರು. 1500ರಲ್ಲಿ ಕಬ್ರಾಲನು ಕಲ್ಲಿಕೋಟೆಯಲ್ಲಿ ತೆರೆದುದು, ಅದೇ ವರ್ಷದ ಕೊನೆಯಲ್ಲಿ ದಾಳಿಗೆ ಸಿಕ್ಕಿ ನಾಶವಾದುದು ಇಂತಹ ಒಂದು ಠಾಣ್ಯ. ಫ್ರೆಂಚರು ಇದೇ ವಸ್ತುವಿಗೆ ‘ಕೊಂತ್ವಾರ್’ ಎಂದು ಹೆಸರಿಟ್ಟರು. ಹಣ ಎಣಿಸುವ ಮೇಜು ಎಂಬುದು ಅದರ ಮೂಲಾರ್ಥ. ಪುದುಚೇರಿಯ ‘ಕೊಂತ್ವಾರ್’ ಎಂಬುದನ್ನು ಯಾರೂ ಗಿರಣಿಯೆಂದು ತಿಳಿಯುವುದಿಲ್ಲ. ಸೂರತ್ತಿನ ‘ಫ್ಯಾಕ್ಟರಿ’ಗೆ ಮಾತ್ರ ಈ ದುರ್ಗತಿ ಒದಗಿತು.

ಈಸ್ಟ್ ಇಂಡಿಯಾ ಕಂಪನಿಯ ನೌಕರರ ಶ್ರೇಣಿಯೇ ಈ ಅರ್ಥಕ್ಕೆ ಸಾಕ್ಷಿ. ಕೆಳಗಿನವನು ‘ರೈಟರ್’, ಅವನ ಮೇಲೆ ‘ಫ್ಯಾಕ್ಟರ್’, ಅನಂತರ ಕಿರಿಯ ವರ್ತಕ, ಹಿರಿಯ ವರ್ತಕ. 1744ರಲ್ಲಿ ಮದರಾಸಿಗೆ ಬಂದ ರಾಬರ್ಟ್ ಕ್ಲೈವನು ಈ ‘ರೈಟರ್’ ದರ್ಜೆಯವನು. (ಅವನನ್ನು ‘ಲೇಖಕ’ನೆಂದು ಯಾವ ಅನುವಾದಕನೂ ಕರೆದಂತಿಲ್ಲ, ಅಷ್ಟರಮಟ್ಟಿಗೆ ಕನ್ನಡ ಸಾಹಿತ್ಯದ ಪುಣ್ಯ.) ಇವರೆಲ್ಲರೂ ಲೆಕ್ಕ ಬರೆಯುವವರು, ಸರಕು ಪರೀಕ್ಷಿಸಿ ಕೊಳ್ಳುವವರು, ಹಡಗಿನ ಋತು ಬರುವವರೆಗೆ ಅದನ್ನು ಕೂಡಿಡುವವರು. ಅವರ ಫ್ಯಾಕ್ಟರಿಯೆಂದರೆ ಉಗ್ರಾಣ, ಕಚೇರಿ, ವಾಸದ ಕೋಣೆಗಳು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಒಂದು ಸಾಲೆ. ಮಗ್ಗ ಇದ್ದುದು ನೇಯ್ಗೆಯವನ ಮನೆಯಲ್ಲಿ. ಕಂಪನಿಯು ದಲ್ಲಾಳಿಯ ಕೈಯಲ್ಲಿ ಮುಂಗಡ ಕೊಡುತ್ತಿತ್ತು. ದಲ್ಲಾಳಿಯು ನೇಕಾರನಿಗೆ ಕೊಡುತ್ತಿದ್ದನು. ಬಂಗಾಳದಲ್ಲಿ ‘ದಾದನಿ’ ಎಂದು ಹೆಸರಾದ ಈ ಪದ್ಧತಿಯನ್ನು 1753ರಲ್ಲಿ ಕೈಬಿಟ್ಟು ಕಂಪನಿಯು ತನ್ನದೇ ಗುಮಾಸ್ತರನ್ನು ನೇಮಿಸಿತು. ನೇಕಾರನ ಮೇಲೆ ಕಂಪನಿಯ ಹಿಡಿತ ಬಿಗಿಯಾದುದು ಈ ದಾರಿಯಲ್ಲಿ, ಯಂತ್ರದಿಂದಲ್ಲ.

ನಮ್ಮ ನಾಡಿನ ನಿದರ್ಶನವನ್ನೇ ತೆಗೆದುಕೊಳ್ಳಬಹುದು. 1638ರಲ್ಲಿ ಕೋರ್ಟೀನನ ವರ್ತಕ ಸಂಘವು ಕಾರವಾರದಲ್ಲಿ ಫ್ಯಾಕ್ಟರಿಯನ್ನು ತೆರೆಯಿತು. ಅಲ್ಲಿ ಮುಖ್ಯವಾಗಿ ಸಂಗ್ರಹಿಸಿದ ಸರಕುಗಳು ಎರಡು: ಕರಾವಳಿಯ ಕರಿಮೆಣಸು ಮತ್ತು ಘಟ್ಟದ ಮೇಲಿನ ಬಟ್ಟೆ. ಬಟ್ಟೆ ನೇಯ್ದುದು ಹುಬ್ಬಳ್ಳಿ ಮೊದಲಾದ ಬಯಲುಸೀಮೆಯ ಊರುಗಳಲ್ಲಿ. 1673ರಲ್ಲಿ ಶಿವಾಜಿಯ ಸೈನ್ಯವು ಹುಬ್ಬಳ್ಳಿಯನ್ನು ಸೂರೆ ಮಾಡಿದಾಗ ಅಲ್ಲಿದ್ದ ಇಂಗ್ಲಿಷ್ ಕಂಪನಿಯ ಸೊತ್ತೂ ಹೋಯಿತು; ಕಂಪನಿಯವರು ಪರಿಹಾರಕ್ಕಾಗಿ ಬಹುಕಾಲ ಓಡಾಡಿದರು. ಕಾರವಾರದಲ್ಲಿ ಬಟ್ಟೆಯ ಕಾರ್ಖಾನೆಯಿತ್ತೆಂದು ತಿಳಿದ ವಿದ್ಯಾರ್ಥಿಗೆ, ಇಂಗ್ಲಿಷರ ಹಣ ಹುಬ್ಬಳ್ಳಿಯಲ್ಲಿ ಏಕಿತ್ತೆಂಬುದೇ ಅರ್ಥವಾಗಲಾರದು. ಘಟ್ಟದ ಮೇಲಿನ ಆ ನೇಕಾರರು ಅವನ ಇತಿಹಾಸದಿಂದ ಕಾಣದಂತಾಗುತ್ತಾರೆ.

ಇಲ್ಲಿಗೇ ತಪ್ಪು ನಿಂತಿದ್ದರೆ ಅದನ್ನು ಕ್ಷಮಿಸಬಹುದಾಗಿತ್ತು. ಆದರೆ ‘ಕಾರ್ಖಾನೆ’ ಎಂಬ ಶಬ್ದಕ್ಕೂ ತನ್ನದೇ ಆದ ಚರಿತ್ರೆಯುಂಟು. ಪಾರಸಿಯಲ್ಲಿ ‘ಕಾರ್’ ಎಂದರೆ ಕೆಲಸ, ‘ಖಾನೆ’ ಎಂದರೆ ಮನೆ. ಮೊಗಲರ ಅರಮನೆಯ ಕಾರ್ಖಾನೆಗಳ ವಿಷಯ ಅಬುಲ್ ಫಜಲನ ‘ಐನೆ ಅಕ್ಬರಿ’ಯಲ್ಲಿದೆ, ಔರಂಗಜೇಬನ ಕಾಲದಲ್ಲಿ ದೆಹಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯೇ ಅವುಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಒಂದು ಸಾಲೆಯಲ್ಲಿ ಕಸೂತಿಯವರು, ಮತ್ತೊಂದರಲ್ಲಿ ಅಕ್ಕಸಾಲಿಗರು, ಇನ್ನೊಂದರಲ್ಲಿ ಚಿತ್ರಗಾರರು. ದರ್ಜಿಗಳೂ ಚಮ್ಮಾರರೂ ಬೇರೆ. ಬೆಳಗ್ಗೆ ಬಂದು ದಿನವಿಡೀ ದುಡಿದು ಸಂಜೆ ಮನೆಗೆ ಮರಳುವ ಕುಶಲಕರ್ಮಿಗಳು ಅಲ್ಲಿದ್ದರು. ಹಾಗಾದರೆ ಹದಿನೇಳನೆಯ ಶತಮಾನದ ಭಾರತದಲ್ಲಿ ಕಾರ್ಖಾನೆ ಯಾರದು? ಫರ್ಮಾನು ಕೊಟ್ಟ ಜಹಾಂಗೀರನದು. ಅದನ್ನು ಬೇಡಿ ಪಡೆದ ಕಂಪನಿಯದಲ್ಲ. ಅನುವಾದದ ಒಂದು ಪದದಿಂದ ನಮ್ಮ ಪಠ್ಯಗಳು ಈ ಸಂಬಂಧವನ್ನು ತಲೆಕೆಳಗು ಮಾಡಿವೆ. ತಯಾರಿಸುತ್ತಿದ್ದ ದೇಶವು ಕೊಳ್ಳುವ ದೇಶವಾಗಿ, ಕೊಳ್ಳಲು ಬಂದವರು ಕೈಗಾರಿಕೆಯನ್ನು ತಂದವರಾಗಿ ತೋರುತ್ತಾರೆ. ವಸಾಹತು ಕಾಲದ ಆರ್ಥಿಕ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ಒಂದೇ ಶಬ್ದ ಉಂಟುಮಾಡಿರುವುದನ್ನು ನಾವು ಕಾಣೆವು.

ಟಿಪ್ಪು ಸುಲ್ತಾನನ ವಿಷಯದಲ್ಲಿ ಗೊಂದಲ ಇಮ್ಮಡಿಯಾಗುತ್ತದೆ. ಮಸ್ಕತ್ತಿನಲ್ಲಿ ಮೈಸೂರಿನ ‘ಫ್ಯಾಕ್ಟರಿ’ ಇತ್ತೆಂದು ಇಂಗ್ಲಿಷ್ ಗ್ರಂಥಗಳು ಹೇಳುತ್ತವೆ. ಅದು ಗಂಧ, ಮೆಣಸು, ಏಲಕ್ಕಿ, ಅಕ್ಕಿಗಳನ್ನು ಮಾರುವ ಸರ್ಕಾರಿ ಕೋಠಿ. ಸುಲ್ತಾನನು ರೇಷ್ಮೆಹುಳುಗಳನ್ನು ಕಳುಹಿಸಿಕೊಡುವಂತೆ ಬರೆದುದು ಅಲ್ಲಿನ ಅಧಿಕಾರಿಗೆ. ಅದೇ ಸುಲ್ತಾನನ ನಿಜವಾದ ಕಾರ್ಖಾನೆಗಳು, ಬಂದೂಕು ಫಿರಂಗಿಗಳನ್ನು ಮಾಡುತ್ತಿದ್ದಂಥವು, ಶ್ರೀರಂಗಪಟ್ಟಣದಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದವು. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಒಬ್ಬ ದೊರೆಯ ವಾಣಿಜ್ಯನೀತಿ ಯಾವುದು, ಉತ್ಪಾದನಾನೀತಿ ಯಾವುದು ಎಂದು ಹೇಗೆ ಬೇರ್ಪಡಿಸಿ ತಿಳಿಯುವುದು?

‘ಫ್ಯಾಕ್ಟರಿ’ಗೆ ಇಂದಿನ ಅರ್ಥವೇ ಅಂದಿನ ಇಂಗ್ಲಿಷಿನಲ್ಲಿ ಇರಲಿಲ್ಲವೆಂದು ನಮ್ಮ ವಾದವಲ್ಲ, ತಯಾರಿಕೆಯ ಸ್ಥಳವೆಂಬ ಅರ್ಥವೂ ಹದಿನೇಳನೆಯ ಶತಮಾನದಲ್ಲಿ ಕಾಣಿಸಿಕೊಂಡಿದೆ. ಆದರೆ ಅದು ಮೇಲುಗೈ ಪಡೆದುದು ಯಂತ್ರೋದ್ಯಮ ಬೆಳೆದ ಮೇಲೆ. 1771ರಲ್ಲಿ ಆರ್ಕ್‌ರೈಟನು ಕ್ರಾಮ್‌ಫರ್ಡಿನಲ್ಲಿ ಕಟ್ಟಲು ತೊಡಗಿದ ನೂಲುವ ಸ್ಥಾವರಕ್ಕೆ ಜನರು ‘ಮಿಲ್’ ಎಂದೇ ಹೆಸರಿಟ್ಟರು. 1833ರ ಫ್ಯಾಕ್ಟರಿ ಕಾಯಿದೆಯ ಹೊತ್ತಿಗೆ ಹೊಸ ಅರ್ಥ ಭದ್ರವಾಗಿತ್ತು. ನಮ್ಮಲ್ಲಿ 1881ರ ಕಾಯಿದೆಯು ಯಂತ್ರಶಕ್ತಿಯನ್ನು ಬಳಸಿ ನೂರು ಮಂದಿಗೆ ಕಡಮೆಯಿಲ್ಲದಂತೆ ದುಡಿಸುವ ಸ್ಥಳಗಳಿಗೆ ಅನ್ವಯಿಸಿತು. ಹಳೆಯ ಅರ್ಥ ಊರುಗಳ ಹೆಸರಿನಲ್ಲಿ ಅವಿತುಕೊಂಡಿತು. ಕೆನಡಾದಲ್ಲಿ ‘ಮೂಸ್ ಫ್ಯಾಕ್ಟರಿ’ ಎಂಬ ಊರು ಇಂದಿಗೂ ಇದೆ. ಮೂಸ್ ಎಂಬುದು ಕಡವೆಯ ಜಾತಿಯ ಮೃಗ. ಅದನ್ನು ತಯಾರಿಸುವ ಯಂತ್ರವನ್ನು ಅಲ್ಲಿ ಯಾರೂ ಇಟ್ಟಿರಲಿಲ್ಲ. ಹಡ್ಸನ್ ಬೇ ಕಂಪನಿಯವರು ತುಪ್ಪುಳುತೊಗಲು ಕೊಳ್ಳುತ್ತಿದ್ದ ಠಾಣ್ಯವದು.

ಕನ್ನಡದಲ್ಲಿ ಯಾವ ಪದ ಬಳಸಬೇಕು? ಕೆಲವರು ‘ದಾಸ್ತಾನು ಮಳಿಗೆ’ ಎನ್ನುತ್ತಾರೆ. ಇದು ಕಾರ್ಖಾನೆಗಿಂತ ಎಷ್ಟೋ ಮೇಲು. ಆದರೆ ಸರಕು ಮಾತ್ರ ಕಾಣುತ್ತದೆ, ಅರಸನ ಅನುಮತಿ ಪಡೆದು ಅಲ್ಲಿ ನೆಲೆಸಿ, ಅಧ್ಯಕ್ಷನ ಅಧೀನದಲ್ಲಿದ್ದ ವರ್ತಕರು ಕಾಣುವುದಿಲ್ಲ. ‘ವ್ಯಾಪಾರ ಕೋಠಿ’ ಎಂಬುದು ನಮಗೆ ಯುಕ್ತವಾಗಿ ತೋರುತ್ತದೆ. ಹಣದ ವ್ಯವಹಾರದ ಮನೆಯೆಂಬ ಅರ್ಥ ಆ ಶಬ್ದದಲ್ಲಿ ಮೊದಲಿನಿಂದಲೂ ಇದೆ; ಟಿಪ್ಪುವಿನ ಮಸ್ಕತ್ತಿನ ಸಂಸ್ಥೆಗೂ ಸೂರತ್ತಿನ ಇಂಗ್ಲಿಷರ ಸಂಸ್ಥೆಗೂ ಒಂದೇ ಸಮನೆ ಒಪ್ಪುತ್ತದೆ. ಬಿಹಾರದಲ್ಲಿ ನೀಲಿ ಬೇಯಿಸುತ್ತಿದ್ದ ಸ್ಥಳಗಳಿಗೂ ‘ಕೋಠಿ’ ಎಂದೇ ಹೆಸರಿತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಅಲ್ಲಿ ತೋಟಗಾರ ದೊರೆಗಳ ಕಚೇರಿ, ವಾಸ, ನೀಲಿಯ ತೊಟ್ಟಿಗಳು ಒಂದೇ ಆವರಣದಲ್ಲಿದ್ದವು. ಆದಕಾರಣ 1917ರ ಚಂಪಾರಣದ ಸತ್ಯಾಗ್ರಹದ ಪ್ರಕರಣಕ್ಕೆ ಬಂದಾಗ ‘ನೀಲಿಯ ಕೋಠಿ’ ಎಂದು ವಿಶೇಷಣ ಸೇರಿಸಿ ಬರೆಯಬೇಕು. 1820ರಲ್ಲಿ ಸ್ಥಾಪಿತವಾದ ಘಾಜಿಪುರದ ಅಫೀಮು ಫ್ಯಾಕ್ಟರಿಯನ್ನಾದರೋ ನಿಸ್ಸಂಕೋಚವಾಗಿ ಕಾರ್ಖಾನೆಯೆನ್ನಬಹುದು. 1756ರಲ್ಲಿ ಸಿರಾಜುದ್ದೌಲನು ವಶಪಡಿಸಿಕೊಂಡ ಕಾಸಿಂಬಜಾರಿನದು ಮಾತ್ರ ಕೋಠಿಯೇ.