ಕರುವಿನ ಪ್ರಶ್ನೆ: ನೀಲಗಿರಿಯ ಬಡಗ ಕ್ರೈಸ್ತ ಸಭೆ ಲೂಕನನ್ನು ಓದುವ ಬಗೆ

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಶಾಲೆ ಎಷ್ಟು ಉಳಿದಿದೆ, ಬೋರ್ಡು ಯಾವ ಭಾಷೆಯಲ್ಲಿದೆ, ಪಠ್ಯಪುಸ್ತಕ ಸಕಾಲಕ್ಕೆ ಬಂತಾ ಅಂತ ಕೇಳುತ್ತೇವೆ. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಜನ ವಾರಕ್ಕೊಮ್ಮೆ ಒಟ್ಟಿಗೆ ಕೂತು ಒಂದು ಪುಸ್ತಕ ತೆರೆದು, ಒಂದು ವಾಕ್ಯ ಓದಿ, ಇದರ ಅರ್ಥ ಏನು ಅಂತ ತಮ್ಮತಮ್ಮಲ್ಲೇ ಮಾತಾಡುವ ಜಾಗವೊಂದಿದೆ. ಕ್ರೈಸ್ತ ಸಭೆಯ ಬೈಬಲ್ ಅಧ್ಯಯನ ಕೂಟ ಅಂಥದ್ದು. ಸಾಹಿತ್ಯ ವಿಮರ್ಶೆಯವರು ಅತ್ತ ಕಣ್ಣು ಹಾಯಿಸಿದ್ದು ಕಡಿಮೆ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಬಗ್ಗೆ ಬರೆಯುತ್ತೇವೆ, ಯಾಕೆಂದರೆ ಅದು ಕವಿಯೊಬ್ಬ ಸುವಾರ್ತೆಯನ್ನು ಓದಿದ ರೀತಿ. ಒಂದು ಸಭೆ ಓದುವ ರೀತಿಯೂ ವಿಮರ್ಶೆಗೆ ವಸ್ತು ಅನ್ನುವುದು ನನ್ನ ಇವತ್ತಿನ ವಾದ.

ನಾನು ಆರಿಸಿಕೊಂಡಿದ್ದು ನೀಲಗಿರಿಯ ಬಡಗ ಕ್ರೈಸ್ತರನ್ನು. ಬಡಗ ಅಂದರೆ ಬಡಗಣ ದಿಕ್ಕಿನವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ಅನ್ನುವ ನೆನಪು ಹೆಸರಲ್ಲೇ ಕೂತಿದೆ. ಅವರ ನುಡಿ ಕನ್ನಡದ ಒಳನುಡಿಯೋ ಪ್ರತ್ಯೇಕ ಭಾಷೆಯೋ ಅನ್ನುವ ಜಗಳ ಹಳೆಯದು, ಅದನ್ನು ಇಲ್ಲಿ ತೆಗೆಯುವುದಿಲ್ಲ. ತೆಗೆದರೆ ಗೋಷ್ಠಿಯ ಸಮಯ ಪೂರ್ತಿ ಅದಕ್ಕೇ ಹೋಗುತ್ತದೆ, ಅನುಭವವಿದೆ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ನೀಲಗಿರಿಯ ಕೇತ್ತಿಯಲ್ಲಿ ಕೆಲಸ ಶುರುವಾಗಿದ್ದು 1846ರಲ್ಲಿ. ಅಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ನಿವೃತ್ತ ಬ್ರಿಟಿಷ್ ಅಧಿಕಾರಿಯ ನೆರವು ಅದಕ್ಕಿತ್ತು. ಮೊದಲ ಬಡಗನ ದೀಕ್ಷಾಸ್ನಾನ ಆಗಿದ್ದು 1858ರಲ್ಲಿ. ಹನ್ನೆರಡು ವರ್ಷ ನೋಡಿ! ಆ ಹನ್ನೆರಡು ವರ್ಷ ಮಿಶನರಿಗಳು ಹಟ್ಟಿಯಿಂದ ಹಟ್ಟಿಗೆ ನಡೆದರು, ಶಾಲೆ ತೆರೆದರು. ಆ ಶಾಲೆಯ ಭಾಷೆ, ಪ್ರಾರ್ಥನೆಯ ಭಾಷೆ, ಪುಸ್ತಕದ ಭಾಷೆ ಕನ್ನಡ. ಮಂಗಳೂರಿನಲ್ಲಿ ಅಚ್ಚಾದದ್ದು ಇಲ್ಲೂ ನಡೆಯುತ್ತದೆ ಅನ್ನುವ ಲೆಕ್ಕಾಚಾರ ಇದರ ಹಿಂದೆ ಇದ್ದಿರಬೇಕು. ಜೊತೆಗೆ 19ನೇ ಶತಮಾನದಲ್ಲೇ ಲೂಕನ ಸುವಾರ್ತೆಯನ್ನು ಬಡಗ ನುಡಿಗೆ ತಂದು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಹೊರಹೋಗಬೇಕಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. 1956ರ ರಾಜ್ಯ ವಿಂಗಡಣೆಯಲ್ಲಿ ನೀಲಗಿರಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಇಂದು ಅಲ್ಲಿನ ಸಿ.ಎಸ್.ಐ. ಸಭೆಗಳು ಕೊಯಮತ್ತೂರು ಧರ್ಮಪ್ರಾಂತಕ್ಕೆ ಸೇರಿವೆ. ಶಾಲೆಯ ಭಾಷೆ ತಮಿಳಾಯಿತು, ಆರಾಧನೆಯದೂ ಬಹುಪಾಲು ತಮಿಳೇ.

ಈ ಕಥೆಯನ್ನು ನಮ್ಮವರು ಸಾಮಾನ್ಯವಾಗಿ ಹೇಳುವುದು ಹೀಗೆ: ನೀಲಗಿರಿಯ ಚರ್ಚಿನಲ್ಲಿ ಕನ್ನಡ ಇತ್ತು, ಹೋಯಿತು. ದುಃಖದ ದನಿಯಲ್ಲಿ ಹೇಳುತ್ತಾರೆ. ನನಗೆ ಇದು ಅರ್ಧ ಕಥೆ ಅನ್ನಿಸುತ್ತದೆ. ಕನ್ನಡದ ಸತ್ಯವೇದ ಬಂದಾಗಲೂ ಅದು ಅಡುಗೆಮನೆಯ ಮಾತಾಗಿರಲಿಲ್ಲ. ಅದೂ ಹೊರಗಿನಿಂದ ಬಂದ ಗ್ರಂಥದ ಭಾಷೆಯೇ, ಹತ್ತಿರದ ನೆಂಟನ ಭಾಷೆ ಅಷ್ಟೆ. ಬದಲಾದದ್ದು ಪುಸ್ತಕ. ಅರ್ಥ ಬಿಡಿಸುವ ಮಾತು ಆಗಲೂ ಬಡಗ, ಈಗಲೂ ಬಡಗ. ಕಾಸರಗೋಡಿನ ಜೊತೆ ಹೋಲಿಸಿ ನೋಡಿ. ಅಲ್ಲಿನ ಬೇಳ ಮುಂತಾದ ಕಥೊಲಿಕ್ ಚರ್ಚುಗಳು ಕೇರಳದಲ್ಲಿದ್ದರೂ ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೇ ಸೇರಿವೆ. ರಾಜ್ಯದ ಗಡಿ ಅವುಗಳ ಗಡಿಯಾಗಲಿಲ್ಲ. ಆದರೆ ಅಲ್ಲೂ ಹೆಚ್ಚಿನ ಮನೆಗಳ ಮಾತು ಕೊಂಕಣಿ. ಹಾಗಾಗಿ ‘ಕನ್ನಡ ಸಭೆ’ ಅನ್ನುವ ಹಣೆಪಟ್ಟಿ ಎರಡೂ ಕಡೆ ಸಲೀಸಾಗಿ ಅಂಟುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕುನೂರು ಕಡೆಯ ಒಂದು ಸಣ್ಣ ಸಭೆಯ ಮನೆಕೂಟದಲ್ಲಿ ಕೂತು ಕೇಳುವ ಅವಕಾಶ ನನಗೆ ಸಿಕ್ಕಿತ್ತು. ಅಂದಿನ ಭಾಗ ಲೂಕ 15, ಮನೆ ಬಿಟ್ಟುಹೋಗಿ ಹಿಂತಿರುಗಿದ ಮಗನ ಸಾಮ್ಯ. ಓದಿದ್ದು ತಮಿಳಿನಲ್ಲಿ. ಮಗ ಬಂದ ಖುಷಿಗೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುತ್ತಾನಲ್ಲ, ಅಲ್ಲಿ ತಮಿಳು ಪಾಠದಲ್ಲಿ ‘ಕನ್ರು’ ಅಂತ ಬರುತ್ತದೆ. ಓದುವಾಗ ಯಾರೂ ತಲೆ ಎತ್ತಲಿಲ್ಲ. ಆಮೇಲೆ ಬಡಗದಲ್ಲಿ ಮಾತು ಶುರುವಾಯಿತು, ‘ಕನ್ರು’ ಹೋಗಿ ‘ಕರು’ ಬಂತು. ಹಿರಿಯ ಹೆಂಗಸೊಬ್ಬರು ಕೇಳಿದರು: ತಪ್ಪು ಮಾಡಿದವನು ಮಗ, ಕರು ಯಾಕೆ ಸಾಯಬೇಕು?

ಈ ಪ್ರಶ್ನೆಯ ಹಿಂದೆ ಏನಿದೆ ಅಂತ ಗೊತ್ತಿಲ್ಲದವರಿಗೆ ಇದು ಪ್ರಾಣಿದಯೆ ಅನ್ನಿಸಬಹುದು. ಬಡಗರ ಸಾವಿನ ಆಚರಣೆಯಲ್ಲಿ ‘ಕರು ಹರಚೋದು’ ಅನ್ನುವ ಒಂದು ಭಾಗವಿದೆ. ಹಿರಿಯನೊಬ್ಬ ಸತ್ತವರ, ಅವರ ಪೂರ್ವಿಕರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಗಡಿಗಲ್ಲು ಸರಿಸಿದ್ದು, ನೆರೆಯವನ ಎಮ್ಮೆಗೆ ಹೊಟ್ಟೆಕಿಚ್ಚು ಪಟ್ಟಿದ್ದು, ಈ ತರಹದ್ದು. ಪ್ರತಿಯೊಂದಕ್ಕೂ ನೆರೆದವರು ಅದು ಪಾಪವೇ ಎಂದು ದನಿಗೂಡಿಸುತ್ತಾರೆ. ಸಾವಿರದ ಮುನ್ನೂರು ಪಾಪ ಅನ್ನುವುದು ಅದರ ಲೆಕ್ಕ. ಕೊನೆಗೆ ಆ ಪಾಪವೆಲ್ಲ ಒಂದು ಕರುವಿನ ಮೇಲೆ ಹೋಗಲಿ ಅಂತ ಹೇಳಿ ಅದನ್ನು ಬಿಟ್ಟುಬಿಡುತ್ತಿದ್ದರು. ಕೊಲ್ಲುತ್ತಿರಲಿಲ್ಲ, ಅದರಿಂದ ಕೆಲಸ ತೆಗೆಯುತ್ತಿರಲಿಲ್ಲ. ಹಟ್ಟಿಯಲ್ಲಿ ನೆಂಟರಿರುವ ಕ್ರೈಸ್ತರಿಗೂ ಇದು ಕೇಳಿ ತಿಳಿದ ವಿಷಯ. ಅಂದರೆ ಆ ಅಜ್ಜಿಯ ಕಿವಿಯಲ್ಲಿ ಒಂದು ಕರು ಪಾಪ ಹೊತ್ತು ಬದುಕುತ್ತದೆ. ಲೂಕನ ಕರು ಯಾವ ಪಾಪವನ್ನೂ ಹೊರದೆ ಊಟಕ್ಕೆ ಬಲಿಯಾಗುತ್ತದೆ.

ಈ ಆಚರಣೆಯನ್ನು ಇಬ್ಬರು ಮೊದಲೇ ಓದಿದ್ದಾರೆ. ಬಾಸೆಲ್ ಮಿಶನ್ನಿನ ಮೆಟ್ಜ್ 1856ರಲ್ಲಿ ನೀಲಗಿರಿಯ ಜನಗಳ ಬಗ್ಗೆ ಪುಸ್ತಕ ಬರೆದ. ಬಡಗರ ನಡುವೆ ವರ್ಷಗಟ್ಟಲೆ ಓಡಾಡಿದವನು, ಅವರ ಮಾತು ಬಲ್ಲವನು. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನದಲ್ಲಿ ಬಡಗರ ಸಾವಿನ ಪಠ್ಯವನ್ನು ಇಂಗ್ಲಿಷಿಗೆ ತಂದ. ಆ ಕಾಲದ ಬೈಬಲ್ ಓದುಗನಿಗೆ ಇಲ್ಲಿ ಥಟ್ಟನೆ ನೆನಪಾಗುವುದು ಯಾಜಕಕಾಂಡ 16ರ ಹೋತ. ಇಸ್ರೇಲರ ಪಾಪ ಹೊರಿಸಿ ಅಡವಿಗೆ ಬಿಡುವ ಹೋತ ಅದು. ಹಾಗೆ ಓದಿದರೆ ಬಡಗರ ಕರು ಒಂದು ನೆರಳಾಗುತ್ತದೆ, ಕ್ರಿಸ್ತ ಬಂದ ಮೇಲೆ ಅದಕ್ಕೆ ಕೆಲಸ ಮುಗಿಯಿತು. ಇನ್ನು ನಮ್ಮ ಜಾನಪದದವರು ಇದೇ ಪಠ್ಯವನ್ನು ತೆಗೆದುಕೊಂಡು ಹಳೆಗನ್ನಡದ ಉಳಿಕೆ ಎಷ್ಟು, ಪಕಾರ ಹಕಾರವಾದದ್ದು ಎಲ್ಲೆಲ್ಲಿ ಅಂತ ಎಣಿಸುತ್ತಾರೆ. ಒಬ್ಬನಿಗೆ ಪಾಪ ಮಾತ್ರ ಕಂಡಿತು, ಇನ್ನೊಬ್ಬನಿಗೆ ಪದ ಮಾತ್ರ.

ಕೂಟದಲ್ಲಿ ಆ ಪ್ರಶ್ನೆಗೆ ಉತ್ತರ ಒಂದೇ ಸಲಕ್ಕೆ ಬರಲಿಲ್ಲ. ಒಬ್ಬರು ಯಾಜಕಕಾಂಡಕ್ಕೆ ಹೋದರು. ಇನ್ನೊಬ್ಬರು, ಈ ಸಾಮ್ಯದಲ್ಲಿ ಪಾಪ ಯಾರ ಮೇಲೂ ವರ್ಗವಾಗುವುದಿಲ್ಲ, ತಂದೆ ಲೆಕ್ಕವನ್ನೇ ಕೇಳುವುದಿಲ್ಲ, ಕರು ಬರೀ ಊಟಕ್ಕೆ ಅಂದರು. ನನಗೆ ಇದು ಗಟ್ಟಿ ಓದು ಅನ್ನಿಸಿತು. ಮಗ ತಂದೆಗೆ ಹೇಳಬೇಕಂತ ಕಟ್ಟಿಕೊಂಡು ಬಂದ ಮಾತನ್ನು ಪೂರ್ತಿ ಮುಗಿಸುವುದಕ್ಕೂ ತಂದೆ ಬಿಡುವುದಿಲ್ಲ, ಲೂಕ ಅದನ್ನು ಹಾಗೇ ಬರೆದಿದ್ದಾನೆ. ಸಾವಿರದ ಮುನ್ನೂರರ ಪಟ್ಟಿ ಕೇಳಿದ ಕಿವಿಗೆ ಮಾತ್ರ ಪಟ್ಟಿಯೇ ಇಲ್ಲದ ಈ ಜಾಗ ಹೊಡೆದು ಕಾಣುತ್ತದೆ. ಬೆಂಗಳೂರಿನ ಕನ್ನಡ ಸಭೆಯೊಂದರಲ್ಲಿ ಇದೇ ಅಧ್ಯಾಯ ಓದಿದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ತಮಿಳಿನಲ್ಲೇ ಓದಿ ತಮಿಳಿನಲ್ಲೇ ಪ್ರಸಂಗ ಮಾಡಿದ್ದರೂ ಹುಟ್ಟುತ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ.

ಆದ್ದರಿಂದ ತಮಿಳು ಪುಸ್ತಕ, ಬಡಗ ಮಾತು ಅನ್ನುವ ಈ ರೂಢಿಯನ್ನು ನಾನು ಸೋಲು ಅಂತ ಓದಲಾರೆ. ಆದರೆ ಒಂದು ಆತಂಕವಿದೆ, ಅದು ಆ ಸಭೆಯವರದೇ. ಅಂದು ಆಡಿದ ಯಾವ ಮಾತೂ ಎಲ್ಲೂ ದಾಖಲಾಗಲಿಲ್ಲ. ಮುಂದಿನ ತಲೆಮಾರು ಕೊಯಮತ್ತೂರಿನಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿದೆ. ಭಾನುವಾರ ಇಂಗ್ಲಿಷ್ ಆರಾಧನೆಗೆ ಹೋಗುತ್ತದೆ, ಫೋನಿನಲ್ಲಿ ಬೈಬಲ್ ತೆರೆಯುತ್ತದೆ. ಸಭೆ ಉಳಿಯುತ್ತದೆ, ಕಟ್ಟಡವೂ ಉಳಿಯುತ್ತದೆ. ‘ಕನ್ರು’ ‘ಕರು’ ಆಗುವ ಆ ಅರ್ಧ ಗಂಟೆ ಉಳಿಯುತ್ತದಾ ಅನ್ನುವುದೇ ಅವರ ಚಿಂತೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಬಡಗದಲ್ಲಿ ಬರೆದಿಡುವುದಾದರೆ ಯಾವ ಲಿಪಿ, ತಮಿಳು ಲಿಪಿಯಾದರೆ ಕನ್ನಡಕ್ಕೆ ನಷ್ಟ ಅಲ್ವಾ? ಬಡಗ ಸ್ವರಗಳ ಮೂರ್ಧನ್ಯ ಛಾಯೆಯನ್ನು ಎಮೆನೋ 1939ರಲ್ಲೇ ಗುರುತಿಸಿದ್ದ. ಅದಕ್ಕೆ ಕನ್ನಡದಲ್ಲೂ ಗುರುತಿಲ್ಲ, ತಮಿಳಿನಲ್ಲೂ ಇಲ್ಲ. ಹಾಗಾಗಿ ಶಾಸ್ತ್ರದ ಕಡೆಯಿಂದ ನಮ್ಮ ಲಿಪಿಗೆ ವಿಶೇಷ ಹಕ್ಕೇನೂ ಇಲ್ಲ. ಮಕ್ಕಳು ಶಾಲೆಯಲ್ಲಿ ಕಲಿತ ಲಿಪಿಯಲ್ಲಿ ಬರೆಯಲಿ, ಅದು ತಮಿಳಾದರೆ ತಮಿಳು. ಕನ್ನಡ ಲಿಪಿಯ ಹಳೆಯ ಲೂಕನ ವಿಷಯ ಬೇರೆ. ಕೇತ್ತಿಯ ಹೊಸ ತಲೆಮಾರಿನಲ್ಲಿ ಅದನ್ನು ಓದಬಲ್ಲವರು ಸಿಗುವುದು ಕಷ್ಟ. ನಾವು ಓದಬಲ್ಲೆವು, ಆದರೆ ಅರ್ಧ ಪದಗಳಿಗೆ ಅರ್ಥ ಅವರನ್ನೇ ಕೇಳಬೇಕು. ವಿಭಾಗದಿಂದ ನಾಲ್ಕು ಜನ ಹೋಗಿ, ಆ ಕೂಟದವರು ಒಪ್ಪಿದರೆ, ಹದಿನೈದನೇ ಅಧ್ಯಾಯವನ್ನು ನಾವು ಗಟ್ಟಿಯಾಗಿ ಓದಿ ಅವರು ಬಿಡಿಸಿ ಹೇಳುವಂತೆ ಒಂದು ದಿನ ಕೂರೋಣ, ಧ್ವನಿ ಮುದ್ರಿಸಿಕೊಂಡು ಪ್ರತಿಯನ್ನು ಅವರಿಗೇ ಕೊಟ್ಟು ಬರೋಣ. ಬರುವವರು ಚಾಟ್‌ನಲ್ಲಿ ಹೆಸರು ಹಾಕಿ.